ಟ್ರಾನ್ಸ್‌ಮಿಷನ್ ಕೂಲರ್ ಅಪ್‌ಗ್ರೇಡ್: ಹೋಸ್, ಫಿಟ್ಟಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಆಟೋಮ್ಯಾಟಿಕ್ ಗಾಡಿ ಇಟ್ಟುಕೊಂಡು ವಾರಕ್ಕೊಮ್ಮೆಯಾದರೂ ಘಾಟಿ ಹತ್ತಿಳಿಯುವವರು ಕೇಳುವ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟು ಹಾಕಿದ್ದೇನೆ. ಗೇರ್‌ಬಾಕ್ಸ್ (ಟ್ರಾನ್ಸ್‌ಮಿಷನ್) ಆಯಿಲ್ ತಂಪು ಮಾಡುವ ಕೂಲರ್ ಯಾವುದು ತಗೊಳ್ಳಲಿ ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೆ ಯಾವ ಪೈಪ್ ಹಾಕಲಿ, ಆ ಪೈಪಿನ ತುದಿಗೆ ಏನು ಹಾಕಲಿ ಎಂದು ಕೇಳುವವರು ಕಡಿಮೆ. ನಾನು ನೋಡಿದ ಮಟ್ಟಿಗೆ ಗಾಡಿ ದಾರಿಯಲ್ಲಿ ನಿಲ್ಲುವುದು ಕೂಲರ್‌ನಿಂದಲ್ಲ, ಪೈಪಿನಿಂದ. ಹಾಗಾಗಿ ಇಲ್ಲಿ ಹೆಚ್ಚು ಜಾಗ ಪೈಪಿಗೇ ಹೋಗಿದೆ.

ಗಾಡಿಯಲ್ಲಿ ಕಂಪನಿ ಕೊಟ್ಟ ಕೂಲರ್ ಇದೆಯಲ್ಲ, ಇನ್ನೊಂದು ಯಾಕೆ?

ಹೆಚ್ಚಿನ ಗಾಡಿಗಳಲ್ಲಿ ಇದೆ, ನಿಜ. ರೇಡಿಯೇಟರ್‌ನ ಕೆಳಗಿನ ಅಥವಾ ಪಕ್ಕದ ಟ್ಯಾಂಕಿನ ಒಳಗೆ ಒಂದು ಚಿಕ್ಕ ಕೊಳವೆ ಇರುತ್ತದೆ. ಗೇರ್‌ಬಾಕ್ಸ್ ಆಯಿಲ್ ಅದರೊಳಗೆ ಹರಿಯುತ್ತದೆ, ಸುತ್ತ ಎಂಜಿನ್ ತಂಪು ಮಾಡುವ ಕೂಲಂಟ್ ಇರುತ್ತದೆ. ಕೆಲವು ಹೊಸ ಗಾಡಿಗಳಲ್ಲಿ ಇದೇ ಕೆಲಸಕ್ಕೆ ಗೇರ್‌ಬಾಕ್ಸ್ ಪಕ್ಕದಲ್ಲೇ ಅಂಗೈಯಗಲದ ಪ್ಲೇಟ್ ಕೂಲರ್ ಕೂರಿಸಿರುತ್ತಾರೆ. ಎರಡರಲ್ಲೂ ಆಯಿಲ್ ತಂಪಾಗುವುದು ಕೂಲಂಟ್‌ನಿಂದಲೇ. ಕೂಲಂಟ್ 90 ಡಿಗ್ರಿಯಲ್ಲಿದ್ದರೆ ಆಯಿಲ್ ಅದಕ್ಕಿಂತ ಕೆಳಗೆ ಇಳಿಯುವಂತಿಲ್ಲ.

ಸಪಾಟು ಹೈವೇಯಲ್ಲಿ ಇದು ಧಾರಾಳವಾಗಿ ಸಾಕು. ತೊಂದರೆ ಶುರುವಾಗುವುದು ಏರಿನಲ್ಲಿ. ಶಿರಾಡಿಯಲ್ಲಿ ಲಾರಿ ಸಾಲಿನ ಹಿಂದೆ 15 ಕಿಲೋಮೀಟರ್ ವೇಗದಲ್ಲಿ ಹತ್ತುತ್ತಿದ್ದೀರಿ ಅಂದುಕೊಳ್ಳಿ. ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಲಾಕ್ ಆಗಿಲ್ಲ, ಅಂದರೆ ಅದರ ಎರಡೂ ಕಡೆ ಒಂದಾಗಿ ತಿರುಗುತ್ತಿಲ್ಲ. ಒಳಗೆ ಎಂಜಿನ್ ಕಡೆಯ ರೆಕ್ಕೆ ಆಯಿಲನ್ನು ಮಜ್ಜಿಗೆ ಕಡೆದ ಹಾಗೆ ಕಡೆಯುತ್ತಿದೆ, ಗೇರ್ ಕಡೆಯ ರೆಕ್ಕೆ ಅದರ ಹಿಂದೆ ನಿಧಾನವಾಗಿ ತಿರುಗುತ್ತಿದೆ. ಈ ವ್ಯತ್ಯಾಸವೆಲ್ಲ ಶಾಖವಾಗುತ್ತದೆ. ಎಂಜಿನ್ 40 ಕಿಲೋವ್ಯಾಟ್ ಕೊಡುತ್ತಿದ್ದು ಅದರಲ್ಲಿ ಐದನೇ ಒಂದು ಭಾಗ ಕನ್ವರ್ಟರ್‌ನಲ್ಲಿ ಕಳೆದುಹೋದರೆ 8 ಕಿಲೋವ್ಯಾಟ್ ಆಯಿತು. ಮನೆಯ ಬಚ್ಚಲಿನ ಗೀಸರ್ 2 ಕಿಲೋವ್ಯಾಟಿನದು. ಅಂಥ ನಾಲ್ಕು ಗೀಸರ್ ಒಟ್ಟಿಗೆ ಹಾಕಿ ಏಳೆಂಟು ಲೀಟರ್ ಆಯಿಲ್ ಕಾಯಿಸಿದ ಲೆಕ್ಕ. ಅದೇ ಹೊತ್ತಿಗೆ ಎಂಜಿನ್ ಕೂಡ ಅದೇ ರೇಡಿಯೇಟರ್‌ಗೆ ತನ್ನ ಶಾಖ ಸುರಿಯುತ್ತಿರುತ್ತದೆ, ಎದುರಿನಿಂದ ಗಾಳಿಯೂ ಬೀಸುವುದಿಲ್ಲ.

ಗಾಳಿಯಲ್ಲಿ ತಂಪಾಗುವ ಬೇರೆ ಕೂಲರ್ ಹಾಕಿದರೆ ಆಯಿಲ್ ಕೂಲಂಟ್‌ನ ಹಂಗು ಬಿಟ್ಟು ಹೊರಗಿನ 30 ಡಿಗ್ರಿ ಗಾಳಿಗೆ ಶಾಖ ಕೊಡುತ್ತದೆ. ಲಾಭ ಇಷ್ಟೇ, ಆದರೆ ದೊಡ್ಡದು.

ನನ್ನದೂ ಆಟೋಮ್ಯಾಟಿಕ್ಕೇ. ನನಗೂ ಬೇಕಾ?

ಮೊದಲು ನಿಮ್ಮದು ಯಾವ ಆಟೋಮ್ಯಾಟಿಕ್ ಎಂದು ಗೊತ್ತು ಮಾಡಿಕೊಳ್ಳಿ. ಎಎಂಟಿ ಆಗಿದ್ದರೆ ಈ ಪುಟ ಇಲ್ಲಿಗೇ ಮುಚ್ಚಬಹುದು. ಅದು ಮ್ಯಾನುವಲ್ ಗೇರ್‌ಬಾಕ್ಸಿಗೆ ಕ್ಲಚ್ ಒತ್ತುವ ಯಂತ್ರ ಜೋಡಿಸಿದ ವ್ಯವಸ್ಥೆ. ಟಾರ್ಕ್ ಕನ್ವರ್ಟರ್ ಇಲ್ಲ, ಕೂಲರ್ ಲೈನೂ ಇಲ್ಲ. ಡ್ರೈ ಕ್ಲಚ್ ಇರುವ ಡಿಸಿಟಿಗೂ (ಎರಡು ಕ್ಲಚ್ಚಿನ ಗೇರ್‌ಬಾಕ್ಸ್) ಇದರಿಂದ ಪ್ರಯೋಜನವಿಲ್ಲ. ಅಲ್ಲಿ ಬಿಸಿಯಾಗುವುದು ಕ್ಲಚ್ ತಟ್ಟೆ, ಅದು ಆಯಿಲ್‌ನಲ್ಲಿ ಮುಳುಗಿರುವುದಿಲ್ಲ. ಕ್ಲಚ್ ಆಯಿಲ್‌ನಲ್ಲಿ ಮುಳುಗಿರುವ ವೆಟ್ ಕ್ಲಚ್ ಡಿಸಿಟಿ ಮತ್ತು ಬೆಲ್ಟಿನ ಮೇಲೆ ಓಡುವ ಸಿವಿಟಿಗೆ ಉಪಯೋಗವಿದೆ. ಆದರೆ ಅವುಗಳಲ್ಲಿ ಆಯಿಲ್ ಹರಿವು, ಒತ್ತಡದ ಲೆಕ್ಕ ಬೇರೆಯೇ ಇರುತ್ತದೆ. ಆ ಗಾಡಿಗೆಂದೇ ಮಾಡಿದ ಕಿಟ್ ಇಲ್ಲದೆ ಕೈ ಹಾಕಬೇಡಿ.

ಟಾರ್ಕ್ ಕನ್ವರ್ಟರ್ ಇರುವ ಎಸ್‌ಯುವಿ, ಎಂಪಿವಿಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದ ಗಿರಾಕಿಗಳು. ಏಳು ಜನ, ತಲೆಯ ಮೇಲೆ ಲಗೇಜು, ಏಸಿ ಜೋರು, ಮೇಲೆ ಚಾರ್ಮಾಡಿಯೋ ಸಂಪಾಜೆಯೋ ಆಗುಂಬೆಯೋ. ಟ್ರೈಲರ್ ಎಳೆಯುವವರಿಗಂತೂ ಬೇಕೇ ಬೇಕು. ಅಮೆರಿಕದಲ್ಲಿ ಪಿಕಪ್ ಗಾಡಿಗೆ ದೋಣಿ, ಕ್ಯಾರವಾನ್ ಕಟ್ಟಿ ಎಳೆಯುವವರಿಂದಲೇ ಈ ಪದ್ಧತಿ ಅಷ್ಟು ಬೆಳೆದದ್ದು.

ಆಫೀಸಿಗೆ ಹೋಗಿಬಂದು ವರ್ಷಕ್ಕೆರಡು ಸಲ ಧರ್ಮಸ್ಥಳಕ್ಕೆ ಹೋಗುವ ಗಾಡಿಗೆ ಬೇಡ. ಆ ದುಡ್ಡಿನಲ್ಲಿ ಗೇರ್‌ಬಾಕ್ಸ್ ಆಯಿಲ್ ಸಮಯಕ್ಕೆ ಸರಿಯಾಗಿ ಬದಲಾಯಿಸಿ. ಅದರಿಂದಲೇ ಹೆಚ್ಚು ಫಲ.

ಎಷ್ಟು ಡಿಗ್ರಿ ಆದರೆ ಹೆಚ್ಚು? ಅಳೆಯುವುದು ಹೇಗೆ?

80ರಿಂದ 95 ಡಿಗ್ರಿ ಸೆಲ್ಸಿಯಸ್ ಆರೋಗ್ಯಕರ. 100 ದಾಟಿ ಸ್ವಲ್ಪ ಹೊತ್ತು ನಿಂತರೆ ಗಾಬರಿ ಬೇಡ. 120 ದಾಟಿದರೆ ಆಯಿಲ್ ಬೇಗ ಬೇಗ ಕೆಡಲು ಶುರುವಾಗುತ್ತದೆ, ರಬ್ಬರ್ ಸೀಲುಗಳು ಗಟ್ಟಿಯಾಗುತ್ತವೆ. ಉಷ್ಣತೆ 10 ಡಿಗ್ರಿ ಏರಿದಾಗಲೆಲ್ಲ ಆಯಿಲ್‌ನ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ಎಣ್ಣೆಗಳ ವಿಷಯದಲ್ಲಿ ಹಳೆಯ ಕೈಲೆಕ್ಕ.

ಕೂಲರ್ ಕೊಳ್ಳುವ ಮೊದಲು ಅಳೆಯಿರಿ. ಡ್ಯಾಶ್‌ಬೋರ್ಡ್‌ನಲ್ಲಿ ಕಾಣುವ ಮುಳ್ಳು ಎಂಜಿನ್ ಕೂಲಂಟ್‌ನದು, ಗೇರ್‌ಬಾಕ್ಸಿನದಲ್ಲ. ಸ್ಟೀರಿಂಗ್ ಕೆಳಗೆ ಗಾಡಿಯ ಕಂಪ್ಯೂಟರ್ ಮಾಹಿತಿ ಓದಲು ಇರುವ ಒಬಿಡಿ ಸಾಕೆಟ್‌ಗೆ ಬ್ಲೂಟೂತ್ ರೀಡರ್ ಚುಚ್ಚಿ ಮೊಬೈಲಿನಲ್ಲಿ ಗೇರ್‌ಬಾಕ್ಸ್ ಆಯಿಲ್ ಉಷ್ಣತೆ ನೋಡಬಹುದು. ಕೆಲವು ಗಾಡಿಗಳಿಗೆ ಆ್ಯಪ್‌ನಲ್ಲಿ ಆ ಕಂಪನಿಯ ಬೇರೆ ಕೋಡ್ ಹಾಕಬೇಕಾಗುತ್ತದೆ. ನೀವು ಯಾವಾಗಲೂ ಹೋಗುವ ಘಾಟಿಯನ್ನೇ ತುಂಬಿದ ಗಾಡಿಯಲ್ಲಿ, ಏಸಿ ಹಾಕಿಕೊಂಡು ಹತ್ತಿ. ಮೊಬೈಲನ್ನು ಪಕ್ಕದಲ್ಲಿ ಕೂತವರ ಕೈಗೆ ಕೊಡಿ, ತಿರುವುಗಳಲ್ಲಿ ನೀವು ನೋಡಬೇಡಿ. ಮೇಲೆ ಮುಟ್ಟಿದಾಗಲೂ 100ರ ಒಳಗೇ ಇದ್ದರೆ ನಿಮಗೆ ಕೂಲರ್ ಬೇಡ. ಅಷ್ಟು ನೇರ.

ಎಂಥ ಕೂಲರ್ ತಗೊಳ್ಳಲಿ?

ಮೂರು ಬಗೆ ಸಿಗುತ್ತವೆ. ಒಂದೇ ಕೊಳವೆ ಹಾವಿನ ಹಾಗೆ ಸುತ್ತಿ ಅದಕ್ಕೆ ತಗಡಿನ ಪಟ್ಟಿ ಪೋಣಿಸಿದ್ದು ಹಳೆಯ ಬಗೆ, ಅಗ್ಗ. ಎರಡನೆಯದು ಪ್ಲೇಟ್ ಮತ್ತು ಫಿನ್. ಮೂರನೆಯದು ಒಂದರ ಮೇಲೊಂದು ಪ್ಲೇಟ್ ಅಡುಕಿದ ಸ್ಟ್ಯಾಕ್ಡ್ ಪ್ಲೇಟ್. ಅಷ್ಟೇ ಅಗಲದಲ್ಲಿ ಇದು ಹೆಚ್ಚು ಶಾಖ ಬಿಡುತ್ತದೆ, ಆಯಿಲ್‌ಗೆ ತಡೆಯೂ ಕಡಿಮೆ. ನನ್ನ ಮತ ಮೂರನೆಯದಕ್ಕೆ. ಗ್ರಿಲ್ ಹಿಂದೆ ಜಾಗ ಎಷ್ಟಿದೆ ಎಂದು ಒಂದು ರಟ್ಟು ಕತ್ತರಿಸಿ ಹಿಡಿದು ನೋಡಿದ ಮೇಲೆ ಸೈಜು ಆರಿಸಿ.

ಹೋಸ್ ವಿಷಯಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ? ಪೈಪ್ ತಾನೇ?

ಇಲ್ಲಿ ನನ್ನದೇ ಕಥೆ ಹೇಳುತ್ತೇನೆ. ಕೂಲರ್ ಹಾಕಿಸಿ ನಾಲ್ಕು ತಿಂಗಳಾಗಿತ್ತು. ಗುಂಡ್ಯ ದಾಟಿ ಸಕಲೇಶಪುರದ ಕಡೆಗೆ ಹತ್ತುತ್ತಿದ್ದೆವು. ಮಳೆ ನಿಂತು ರಸ್ತೆ ಹಸಿ ಇತ್ತು. ಎಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಬಾನೆಟ್ ಸಂದಿಯಿಂದ ಬಿಳಿ ಹೊಗೆ, ಕರಟಿದ ವಾಸನೆ. ಪಕ್ಕಕ್ಕೆ ನಿಲ್ಲಿಸಿ ಇಳಿದು ನೋಡಿದರೆ ಬಂಪರ್ ಕೆಳಗಿನಿಂದ ಕೆಂಪು ಎಣ್ಣೆ ನೂಲಿನ ಹಾಗೆ ಇಳಿದು ಹಸಿ ಟಾರಿನ ಮೇಲೆ ಹರಿಯುತ್ತಿತ್ತು.

ಆಮೇಲೆ ಆ ಪೈಪನ್ನು ಕೈಯಲ್ಲಿ ಹಿಡಿದು ನೋಡಿದೆ. ಹೊರಗಿನಿಂದ ಹೊಸತರ ಹಾಗೇ ಇತ್ತು. ತುದಿಯನ್ನು ಬೆರಳಲ್ಲಿ ಹಿಸುಕಿದರೆ ನೆನೆದ ಹಪ್ಪಳದ ಹಾಗೆ ಮೆತ್ತಗೆ, ಒಳಗೋಡೆ ಊದಿಕೊಂಡು ತೂತು ಕಿರಿದಾಗಿತ್ತು. ಕ್ಲಿಪ್ಪಿನ ಹಲ್ಲು ರಬ್ಬರಿನೊಳಗೆ ಕೂತು ಕೊರೆದಿತ್ತು. ಅದು ಕೂಲಂಟ್‌ಗೆ ಹಾಕುವ ಇಪಿಡಿಎಂ ರಬ್ಬರ್. ನೀರಿಗೆ, ಕೂಲಂಟ್‌ಗೆ ಅದು ಬಹಳ ಒಳ್ಳೆಯದು, ಎಣ್ಣೆ ತಾಗಿದರೆ ಊದುತ್ತದೆ. ಕೂಲರ್ ಏನೂ ಆಗದೆ ಹಾಗೇ ಇತ್ತು. ಒಂದು ಮೊಳ ತಪ್ಪು ಪೈಪಿಗೆ ಗೇರ್‌ಬಾಕ್ಸ್ ಬಿಚ್ಚಬೇಕಾಯಿತು. ಅಂದಿನಿಂದ ಯಾರು ಕೂಲರ್ ಎಂದರೂ ನಾನು ಮೊದಲು ಕೇಳುವುದು ಪೈಪ್ ಯಾವುದು ಎಂದೇ.

ಹಾಗಾದರೆ ಯಾವ ರಬ್ಬರ್ ಸರಿ?

ಪೈಪಿನ ಮೈಮೇಲೆ ಬರೆದಿರುವುದನ್ನು ಓದಿ. ಎಸ್‌ಎಇ ಜೆ1532 ಎಂದಿದ್ದರೆ ಅದು ಟ್ರಾನ್ಸ್‌ಮಿಷನ್ ಆಯಿಲ್ ಕೂಲರ್‌ಗೆಂದೇ ಇರುವ ಮಾನದಂಡ. ಏನೂ ಬರೆದಿಲ್ಲದ ಕಪ್ಪು ಪೈಪನ್ನು ಎಷ್ಟೇ ದಪ್ಪ ಇದ್ದರೂ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಪೆಟ್ರೋಲ್ ಪೈಪ್ ನಡೆಯುತ್ತದೆ ಎನ್ನುವವರಿದ್ದಾರೆ. ಸಾಧಾರಣ ಪೆಟ್ರೋಲ್ ಪೈಪಿನ ಒಳಪದರ ನೈಟ್ರೈಲ್ ರಬ್ಬರ್. ಅದು ಎಣ್ಣೆಗೆ ಊದುವುದಿಲ್ಲ ನಿಜ, ಆದರೆ 100 ಡಿಗ್ರಿಯ ಆಸುಪಾಸಿನಲ್ಲಿ ತಿಂಗಳುಗಟ್ಟಲೆ ಕೂತರೆ ಒಣಗಿ ಬಿರಿಯುತ್ತದೆ. ಬಣ್ಣಬಣ್ಣದ ಸಿಲಿಕಾನ್ ಹೋಸ್ ನೋಡಲು ಚೆಂದ, ಶಾಖವನ್ನೂ ತಡೆಯುತ್ತದೆ, ಆದರೆ ಬಿಸಿ ಎಣ್ಣೆಗೆ ಅದು ಹೇಳಿದ್ದಲ್ಲ. ಅದರೊಳಗೆ ಫ್ಲೋರೋಸಿಲಿಕಾನ್ ಪದರ ಇದ್ದರೆ ಮಾತ್ರ ಸರಿ.

ಪೀಣ್ಯದಲ್ಲಿ ಹೈಡ್ರಾಲಿಕ್ ಹೋಸ್ ಅಂಗಡಿಗೆ ಹೋದರೆ ಜೆಸಿಬಿಗೆ ಹಾಕುವ ಪೈಪನ್ನು ಅಳತೆಗೆ ಕತ್ತರಿಸಿ, ಎರಡೂ ತುದಿಗೆ ಫಿಟ್ಟಿಂಗ್ ಒತ್ತಿ ಕೊಡುತ್ತಾರೆ. ಮಷೀನಿನಲ್ಲಿ ಒತ್ತಿದ ಆ ಜಾಯಿಂಟ್ ಬಹಳ ಗಟ್ಟಿ. ಆದರೆ ಒಂದು ಎಚ್ಚರ ಬೇಕು. ಅಲ್ಲಿ ಸಾಮಾನ್ಯವಾಗಿ ಸಿಗುವ ಎಸ್‌ಎಇ 100ಆರ್1 ಹೋಸ್ ನೂರಕ್ಕೂ ಹೆಚ್ಚು ಬಾರ್ ಒತ್ತಡ ತಡೆಯುತ್ತದೆ, ನಮ್ಮ ಕೂಲರ್ ಲೈನಿನಲ್ಲಿ ಇರುವುದು ಸಾಮಾನ್ಯವಾಗಿ 100 ಪಿಎಸ್‌ಐ ಒಳಗೆ, ಅಂದರೆ 7 ಬಾರ್‌ಗಿಂತ ಕಡಿಮೆ. ಹಾಗಾಗಿ ಒತ್ತಡದ ಚಿಂತೆ ಇಲ್ಲ. ಆದರೆ ಆ ಹೋಸಿನ ಶಾಖದ ಮಿತಿ 100 ಡಿಗ್ರಿ ಸೆಲ್ಸಿಯಸ್. ನಮ್ಮ ಆಯಿಲ್ ಘಾಟಿಯಲ್ಲಿ 110, 120 ಮುಟ್ಟುತ್ತದೆ ಎಂದೇ ತಾನೆ ಕೂಲರ್ ಹಾಕುತ್ತಿರುವುದು? ಗೇರ್‌ಬಾಕ್ಸಿನಿಂದ ಕೂಲರ್‌ಗೆ ಹೋಗುವ ಪೈಪಿನಲ್ಲಿ ಹರಿಯುವುದು ಅತ್ಯಂತ ಬಿಸಿ ಆಯಿಲ್. ಹೆಚ್ಚು ಶಾಖ ತಡೆಯುವ ಹೋಸ್ ಕೊಡಿ ಎಂದು ಕೇಳಿ, ಮೈಮೇಲಿನ ಬರಹ ಓದಿ ನೋಡಿ, ಆಮೇಲೆ ಕತ್ತರಿಸಲು ಹೇಳಿ. ತಯಾರಾದ ತ್ರೈಮಾಸಿಕ, ವರ್ಷವೂ ಅಲ್ಲೇ ಅಚ್ಚಾಗಿರುತ್ತದೆ. ಕಪಾಟಿನಲ್ಲಿ ಐದಾರು ವರ್ಷ ಬಿದ್ದಿದ್ದ ಪೈಪ್ ಬೇಡ.

ಸ್ಟೀಲ್ ಜಾಲರಿಯ ಹೋಸ್ ಹಾಕಿದರೆ ಚಿಂತೆಯೇ ಇಲ್ಲವಲ್ಲ?

ಜಾಲರಿ ಹೊರಗಿನ ಅಂಗಿ. ಒಳಗೆ ಏನಿದೆ ಎನ್ನುವುದು ಮುಖ್ಯ. ಒಳಗೆ ರಬ್ಬರ್ ಇದ್ದರೆ ಅದು ರಬ್ಬರ್ ಹೋಸೇ, ಆಯಸ್ಸೂ ರಬ್ಬರಿನಷ್ಟೇ. ಒಳಗೆ ಪಿಟಿಎಫ್‌ಇ ಇದ್ದರೆ ಮಾತು ಬೇರೆ. ಅದು ದೋಸೆ ತವಾದ ಟೆಫ್ಲಾನ್ ಲೇಪನದ ವಸ್ತುವೇ. 200 ಡಿಗ್ರಿ ದಾಟಿದರೂ ಜಗ್ಗುವುದಿಲ್ಲ, ಯಾವ ಗೇರ್ ಆಯಿಲ್‌ಗೂ ಊದುವುದಿಲ್ಲ, ವರ್ಷಗಳು ಕಳೆದರೂ ಒಣಗುವುದಿಲ್ಲ. ದುಡ್ಡಿದ್ದರೆ ಇದನ್ನೇ ಹಾಕಿ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ.

ಅದರ ಗುಣಕ್ಕೆ ತಕ್ಕ ಕಟ್ಟುಪಾಡೂ ಇದೆ. ರಬ್ಬರ್ ಬಾಗಿದ ಹಾಗೆ ಇದು ಬಾಗುವುದಿಲ್ಲ. ಬಲವಂತವಾಗಿ ಬಗ್ಗಿಸಿದರೆ ಒಳಗಿನ ಕೊಳವೆ ಮಡಚಿ ಗೆರೆ ಬೀಳುತ್ತದೆ, ಆ ಗೆರೆ ಮತ್ತೆ ಸರಿಯಾಗುವುದಿಲ್ಲ. ತಯಾರಕರು ಹೇಳಿದ ಬಾಗುವ ತ್ರಿಜ್ಯಕ್ಕಿಂತ ಕಿರಿದಾದ ತಿರುವು ಬೇಕಾದರೆ 45 ಅಥವಾ 90 ಡಿಗ್ರಿ ಎಲ್ಬೋ ಫಿಟ್ಟಿಂಗ್ ಹಾಕಿ. ಪಿಟಿಎಫ್‌ಇಗೆ ಹಾಕುವ ಫಿಟ್ಟಿಂಗ್ ಕೂಡ ಬೇರೆ. ಅದರೊಳಗೆ ಒಂದು ಸಣ್ಣ ಹಿತ್ತಾಳೆಯ ಬಳೆ ಬರುತ್ತದೆ. ಅದನ್ನು ಜಾಲರಿಯ ಕೆಳಗೆ, ಬಿಳಿ ಕೊಳವೆಯ ಮೇಲೆ ತೂರಿಸಬೇಕು. ರಬ್ಬರ್ ಹೋಸಿನ ಫಿಟ್ಟಿಂಗ್ ಇದಕ್ಕೆ ಹಾಕಿದರೆ ಕೈಯಲ್ಲಿ ಎಳೆದಾಗ ಬಿಗಿಯಾಗಿಯೇ ಇರುತ್ತದೆ, ಬಿಸಿಯಾದಾಗ ಜಾರಿ ಬರುತ್ತದೆ.

ಇನ್ನೊಂದು ಮಾತು. ಸ್ಟೀಲ್ ಜಾಲರಿ ಗರಗಸವಿದ್ದ ಹಾಗೆ. ಏಸಿ ಪೈಪಿಗೋ ವೈರಿಂಗ್‌ಗೋ ಒರಗಿದ್ದರೆ ಸಾವಿರ ಕಿಲೋಮೀಟರ್ ಕಂಪನದಲ್ಲಿ ಅದನ್ನು ಕೊರೆದು ಹಾಕುತ್ತದೆ. ಮೇಲೆ ನೈಲಾನ್ ತೋಳು ತೊಡಿಸಿ, ಅಥವಾ ಕಪ್ಪು ಹೊದಿಕೆ ಇರುವುದನ್ನೇ ಕೊಳ್ಳಿ.

ಪೈಪಿನ ಸೈಜ್ ಎಷ್ಟು?

ಗಾಡಿಯಲ್ಲಿರುವ ಪೈಪಿನ ಒಳವ್ಯಾಸಕ್ಕಿಂತ ಎಲ್ಲೂ ಕಿರಿದಾಗಬಾರದು. ಹೆಚ್ಚಿನವಕ್ಕೆ ಮೂರೆಂಟಂಶ (3/8) ಇಂಚು, ಅಂದರೆ ಹತ್ತಿರ ಹತ್ತಿರ 10 ಮಿ.ಮೀ. ದೊಡ್ಡ ಗಾಡಿಗಳಿಗೆ ಅರ್ಧ ಇಂಚು. ಎಲ್ಬೋ ಮೇಲೆ ಎಲ್ಬೋ ಹಾಕಿದರೂ ಹರಿವು ಕಡಿಮೆಯಾಗುತ್ತದೆ. ಕೂಲರ್‌ನಿಂದ ವಾಪಸ್ ಬರುವ ಆಯಿಲ್ ಎಷ್ಟೋ ಗೇರ್‌ಬಾಕ್ಸ್‌ಗಳಲ್ಲಿ ಒಳಗಿನ ಬುಶ್, ಬೇರಿಂಗ್‌ಗಳಿಗೆ ಜಿಡ್ಡು ಕೊಡುವ ಆಯಿಲ್ ಕೂಡ ಹೌದು. ಅದು ಕಡಿಮೆಯಾದರೆ ತಂಪಾದ ಗೇರ್‌ಬಾಕ್ಸ್ ಒಣಗಿ ಸವೆಯುತ್ತದೆ.

ಎಎನ್ ಫಿಟ್ಟಿಂಗ್ ಅಂದರೇನು? ಎಎನ್ 6, ಎಎನ್ 8 ಅಂತಾರಲ್ಲ?

ಅಮೆರಿಕದ ಸೇನಾ ವಿಮಾನಗಳಿಗೆ ಮಾಡಿದ ಮಾನದಂಡ ಅದು. ಸಂಖ್ಯೆ ಅದಕ್ಕೆ ಸೇರುವ ಲೋಹದ ಪೈಪಿನ ಹೊರವ್ಯಾಸದ್ದು, ಒಂದು ಇಂಚಿನ ಹದಿನಾರನೇ ಭಾಗದ ಲೆಕ್ಕದಲ್ಲಿ. ಎಎನ್ 6 ಎಂದರೆ ಹದಿನಾರರಲ್ಲಿ ಆರು, ಮೂರೆಂಟಂಶ ಇಂಚು. ಎಎನ್ 8 ಅರ್ಧ ಇಂಚು. ಇದರ ವಿಶೇಷ ಇರುವುದು ಮೂತಿಯಲ್ಲಿ. ಗಂಡು ತುದಿ 37 ಡಿಗ್ರಿ ಕೋನದ ಶಂಕು, ಹೆಣ್ಣು ತುದಿ ಅದಕ್ಕೆ ಸರಿಯಾಗಿ ಕೂರುವ ಬಟ್ಟಲು. ಲೋಹಕ್ಕೆ ಲೋಹ ಒತ್ತಿಯೇ ಸೋರಿಕೆ ನಿಲ್ಲುತ್ತದೆ. ಥ್ರೆಡ್ ಬರೀ ಒತ್ತಿ ಹಿಡಿಯುವುದಕ್ಕೆ. ಹತ್ತು ಸಲ ಬಿಚ್ಚಿ ಹಾಕಿದರೂ ಹಾಗೇ ಕೂರುತ್ತದೆ.

ಇಲ್ಲಿ ಒಂದು ಗುಂಡಿ ಇದೆ, ಬಹಳ ಜನ ಬೀಳುವುದು ಇದರಲ್ಲೇ. ಅನೇಕ ಕಾರುಗಳ ಬ್ರೇಕ್ ಪೈಪ್, ಮನೆಯ ಏಸಿ ಪೈಪ್‌ಗಳಲ್ಲಿ ಬರುವ ಫ್ಲೇರ್ (ಅಗಲಿಸಿದ ಮೂತಿ) 45 ಡಿಗ್ರಿಯದು. 37ಕ್ಕೆ 45 ಸೇರಿಸಿ ಬಿಗಿ ಮಾಡಿದರೆ ಒಂದು ಗೆರೆಯಷ್ಟು ಜಾಗದಲ್ಲಿ ಮಾತ್ರ ತಾಗುತ್ತದೆ. ಗ್ಯಾರೇಜಿನಲ್ಲಿ ಸೋರುವುದಿಲ್ಲ, ಘಾಟಿಯಲ್ಲಿ ಸೋರುತ್ತದೆ. ಹೈಡ್ರಾಲಿಕ್ ಅಂಗಡಿಗಳಲ್ಲಿ ಸಿಗುವ ಜೆಐಸಿ ಫಿಟ್ಟಿಂಗ್ ಕೂಡ 37 ಡಿಗ್ರಿ, ಎಎನ್‌ಗೆ ಸೇರುತ್ತದೆ. ಎಎನ್ 6ರ ಥ್ರೆಡ್ ಒಂಬತ್ತು ಹದಿನಾರಂಶ (9/16) ಇಂಚು, ಇಂಚಿಗೆ 18 ಸುತ್ತು. ಎಎನ್ 8ರದ್ದು ಮುಕ್ಕಾಲು ಇಂಚು, 16 ಸುತ್ತು. ಅಂಗಡಿಯವನಿಗೆ ಈ ಅಳತೆ ಹೇಳಿದರೆ ತಪ್ಪು ಕೊಡುವುದಿಲ್ಲ. ಸ್ಟೀಲಿನವು ಬಣ್ಣದ ಅಲ್ಯೂಮಿನಿಯಂ ಫಿಟ್ಟಿಂಗ್‌ಗಿಂತ ಅಗ್ಗ, ಥ್ರೆಡ್ಡೂ ಗಟ್ಟಿ. ನೋಡಲು ಒರಟು, ಅಷ್ಟೇ.

ಇನ್ನೊಂದು ಗುಂಡಿ ನಮ್ಮ ಕಡೆಯದೇ. ಇಲ್ಲಿ ನಲ್ಲಿ, ಪಂಪ್ ಎಲ್ಲ ಬ್ರಿಟಿಷ್ ಅಳತೆಯ ಬಿಎಸ್‌ಪಿ ಥ್ರೆಡ್. ಹೊರದೇಶದಿಂದ ಬಂದ ಎಷ್ಟೋ ಕೂಲರ್‌ಗಳಲ್ಲಿ ಅಮೆರಿಕದ ಅಳತೆಯ ಎನ್‌ಪಿಟಿ ಇರುತ್ತದೆ. ಅರ್ಧ ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತು. ಹಾಗಾಗಿ ಒಂದಕ್ಕೊಂದು ಹತ್ತುತ್ತವೆ. ಆದರೆ ಬಿಎಸ್‌ಪಿಯ ಹಲ್ಲಿನ ಕೋನ 55 ಡಿಗ್ರಿ, ಎನ್‌ಪಿಟಿಯದು 60. ಮೂರು ಸುತ್ತು ಸಲೀಸಾಗಿ ಹೋಗಿ ಆಮೇಲೆ ಸಿಕ್ಕಿಕೊಳ್ಳುತ್ತದೆ. ಬಲ ಹಾಕಿದರೆ ಅಲ್ಯೂಮಿನಿಯಂ ಕೂಲರ್‌ನ ಬಾಯಿಯೇ ಬಿರಿಯುತ್ತದೆ. ಥ್ರೆಡ್ ಗೇಜ್ ಹಿಡಿದು ನೋಡದೆ ಸ್ಪ್ಯಾನರ್ ಹಾಕಬೇಡಿ.

ಗೇರ್‌ಬಾಕ್ಸ್ ಕಡೆಯ ತುದಿಗೆ ಏನು ಹಾಕುವುದು?

ಅದು ಗಾಡಿಗೆ ತಕ್ಕ ಹಾಗೆ. ಬ್ಯಾಂಜೋ ಬೋಲ್ಟ್ (ನಡುವೆ ಆಯಿಲ್ ಹರಿಯುವ ಟೊಳ್ಳು ಬೋಲ್ಟ್) ಇದ್ದರೆ ಅದರ ಎರಡೂ ಕಡೆಯ ತಾಮ್ರದ ಅಥವಾ ಅಲ್ಯೂಮಿನಿಯಂ ವಾಷರ್ ಪ್ರತಿ ಸಲವೂ ಹೊಸದು ಹಾಕಿ. ಒಮ್ಮೆ ಒತ್ತಿದ ವಾಷರ್ ಮತ್ತೆ ಸರಿಯಾಗಿ ಒತ್ತುವುದಿಲ್ಲ. ಕ್ಲಿಕ್ಕೆಂದು ಕೂರುವ ಜಾಯಿಂಟ್ ಇದ್ದರೆ ಕಂಪನಿಯ ಲೋಹದ ಪೈಪನ್ನು ಹಾಗೇ ಉಳಿಸಿಕೊಂಡು, ಮುಂದಿನ ಕಡೆ ಹೋಸ್ ಶುರುವಾಗುವಲ್ಲಿ ಸೇರಿಸುವುದು ಸುಲಭ, ಕ್ಷೇಮ. ಲೋಹದ ಪೈಪನ್ನು ಕತ್ತರಿಸಬೇಕಾದರೆ ಆಕ್ಸಾ ಬ್ಲೇಡ್ ಬೇಡ, ಟ್ಯೂಬ್ ಕಟರ್ ಬಳಸಿ. ಒಂದು ಚೂರು ಕಬ್ಬಿಣದ ಪುಡಿ ಗೇರ್‌ಬಾಕ್ಸಿನ ವಾಲ್ವ್‌ಗಳ ಒಳಗೆ ಹೋದರೆ ಗೇರ್ ಹಾಕುವ ವಾಲ್ವೇ ಸಿಕ್ಕಿಕೊಳ್ಳುತ್ತದೆ.

ಸಾದಾ ಕ್ಲಿಪ್ ಸಾಕಾಗುವುದಿಲ್ಲವೇ?

ಜೆ1532 ರಬ್ಬರ್ ಹೋಸ್, ಉಬ್ಬು ಇರುವ ನಿಪ್ಪಲ್ (ಹೋಸ್ ಏರಿಸುವ ಲೋಹದ ತುದಿ), ಒಳ್ಳೆಯ ಕ್ಲಿಪ್ ಇದ್ದರೆ ಸಾಕಾಗುತ್ತದೆ. ಎಷ್ಟೋ ಗಾಡಿ ಕಂಪನಿಗಳೂ ಹಾಗೇ ಮಾಡುತ್ತವೆ. ಒಳ್ಳೆಯ ಕ್ಲಿಪ್ ಎಂದರೆ ಪಟ್ಟಿಯಲ್ಲಿ ತೂತು ಕೊರೆಯದ, ಅಂಚು ಮಡಚಿದ ಫ್ಯೂಯೆಲ್ ಇಂಜೆಕ್ಷನ್ ಕ್ಲಿಪ್. ತೂತಿನ ಅಗ್ಗದ ಕ್ಲಿಪ್ಪು ರಬ್ಬರನ್ನು ಆ ತೂತುಗಳ ಮೂಲಕ ಹಿಂಡಿ ತೆಗೆಯುತ್ತದೆ. ನಿಪ್ಪಲ್ ನುಣುಪಾಗಿ ಉಬ್ಬಿಲ್ಲದೆ ಇದ್ದರೆ ಯಾವ ಕ್ಲಿಪ್ಪೂ ಬೇಡ, ಮೊದಲು ಫ್ಲೇರ್ ಮಾಡುವ ಉಪಕರಣದಿಂದ ತುದಿಗೆ ಉಬ್ಬು ಕೊಡಿಸಿ. ಕ್ಲಿಪ್ ಕೂರಬೇಕಾದ್ದು ಆ ಉಬ್ಬಿನ ಹಿಂದೆ, ಉಬ್ಬಿನ ಮೇಲಲ್ಲ. ನೂರು ಕಿಲೋಮೀಟರ್ ಓಡಿಸಿದ ಮೇಲೆ ಒಮ್ಮೆ ಮತ್ತೆ ಬಿಗಿ ಮಾಡಿ, ಹೊಸ ರಬ್ಬರ್ ಸ್ವಲ್ಪ ಕುಗ್ಗಿರುತ್ತದೆ.

ಟೆಫ್ಲಾನ್ ಟೇಪ್ ಸುತ್ತಲೇ?

ಎಎನ್ ಫಿಟ್ಟಿಂಗ್‌ಗೆ ಬೇಡವೇ ಬೇಡ. ಎನ್‌ಪಿಟಿಗೂ ಟೇಪ್ ಬದಲು ಎಣ್ಣೆ ತಡೆಯುವ ದ್ರವ ಸೀಲಂಟ್ ಮೊದಲ ಎರಡು ಸುತ್ತು ಬಿಟ್ಟು ಹಚ್ಚಿ. ಟೇಪಿನ ಎಳೆ ಹರಿದು ಒಳಗೆ ಹೋಗುತ್ತದೆ.

ರೇಡಿಯೇಟರ್ ಒಳಗಿನ ಹಳೆ ಕೂಲರನ್ನು ಬಿಟ್ಟುಬಿಡಲೇ, ಉಳಿಸಿಕೊಳ್ಳಲೇ?

ಸಾಮಾನ್ಯವಾಗಿ ಉಳಿಸಿಕೊಳ್ಳಿ. ಗೇರ್‌ಬಾಕ್ಸಿನಿಂದ ಹೊರಟ ಆಯಿಲ್ ಮೊದಲು ರೇಡಿಯೇಟರ್‌ಗೆ, ಅಲ್ಲಿಂದ ಹೊಸ ಕೂಲರ್‌ಗೆ, ಆಮೇಲೆ ವಾಪಸ್. ಮೊದಲನೆಯದು ದೊಡ್ಡ ಶಾಖ ತೆಗೆಯುತ್ತದೆ, ಎರಡನೆಯದು ಉಳಿದದ್ದನ್ನು. ಬೆಳಗಿನ ಚಳಿಯಲ್ಲಿ ಕೂಲಂಟೇ ಆಯಿಲನ್ನು ಬೇಗ ಬಿಸಿ ಮಾಡುವ ಉಪಕಾರವನ್ನೂ ಮಾಡುತ್ತದೆ. ಆಯಿಲ್ ತೀರಾ ತಣ್ಣಗಿದ್ದರೆ ಕನ್ವರ್ಟರ್ ಲಾಕ್ ಆಗುವುದು ತಡವಾಗುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ. ಡಿಸೆಂಬರಿನ ಮಡಿಕೇರಿಯಲ್ಲಿ ಇರುವವರು ಲೈನಿನಲ್ಲಿ ಥರ್ಮೋಸ್ಟ್ಯಾಟ್ ಬೈಪಾಸ್ ಹಾಕಿಸಿದರೆ ಒಳ್ಳೆಯದು. ಆಯಿಲ್ ಸುಮಾರು 80 ಡಿಗ್ರಿ ಮುಟ್ಟುವವರೆಗೆ ಹೊಸ ಕೂಲರ್‌ಗೆ ಹೋಗದೆ ಹಾಗೇ ತಿರುಗಿ ಬರುತ್ತದೆ.

ಬಿಟ್ಟುಬಿಡಬೇಕಾದ ಒಂದು ಸಂದರ್ಭವಿದೆ. ಹಳೆಯ ರೇಡಿಯೇಟರ್‌ನಲ್ಲಿ ಒಳಗಿನ ಕೊಳವೆ ತೂತಾದರೆ ಕೂಲಂಟ್, ಆಯಿಲ್ ಸೇರಿಬಿಡುತ್ತವೆ. ಕೆಂಪು ಆಯಿಲ್ ರೋಸ್ ಮಿಲ್ಕ್ ಬಣ್ಣಕ್ಕೆ ತಿರುಗುತ್ತದೆ. ನೀರಿನ ಅಂಶ ಕ್ಲಚ್ ಪ್ಲೇಟಿನ ಕಾಗದದ ಪದರವನ್ನು ಅಂಟು ಬಿಡಿಸುತ್ತದೆ. ಕೂಲಂಟ್ ಟ್ಯಾಂಕಿನಲ್ಲಿ ಎಣ್ಣೆಯ ಪದರ ಕಂಡರೆ ಗಾಡಿ ಸ್ಟಾರ್ಟ್ ಮಾಡಲೇಬೇಡಿ. ರೇಡಿಯೇಟರ್ ಬಹಳ ಹಳೆಯದಾಗಿದ್ದರೆ ಅದನ್ನೇ ಬದಲಾಯಿಸಿ, ಆಗದಿದ್ದರೆ ದೊಡ್ಡ ಹೊರ ಕೂಲರ್ ಮತ್ತು ಥರ್ಮೋಸ್ಟ್ಯಾಟ್ ಹಾಕಿ ಒಳಗಿನದನ್ನು ಬಿಟ್ಟುಬಿಡಿ.

ಗೇರ್‌ಬಾಕ್ಸ್ ಒಮ್ಮೆ ಹಾಳಾಗಿ ರಿಪೇರಿ ಆಗಿದೆ. ಹಳೆ ಕೂಲರ್ ತೊಳೆದು ಹಾಕಬಹುದಾ?

ಬೇಡ. ಸವೆದ ಕ್ಲಚ್ಚಿನ ಪುಡಿ, ಲೋಹದ ಚೂರು ಕೂಲರ್‌ನ ಸಂದಿಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಹೊಸ ಗೇರ್‌ಬಾಕ್ಸಿಗೆ ಆ ಪುಡಿ ತಿನ್ನಿಸಬೇಡಿ. ಹೊಸ ಕೂಲರ್ ಹಾಕಿ, ವಾಪಸ್ ಬರುವ ಲೈನಿಗೆ ಮ್ಯಾಗ್ನೆಟ್ ಇರುವ ಫಿಲ್ಟರ್ ಸೇರಿಸಿ.

ಕೂಲರ್ ಎಲ್ಲಿ ಕೂರಿಸುವುದು, ಪೈಪ್ ಹೇಗೆ ಎಳೆಯುವುದು?

ಏಸಿ ಕಂಡೆನ್ಸರ್ (ರೇಡಿಯೇಟರ್ ಮುಂದಿರುವ, ಏಸಿ ಗ್ಯಾಸ್ ತಂಪು ಮಾಡುವ ಭಾಗ) ಮುಂದೆ, ಗ್ರಿಲ್ ಗಾಳಿ ಸಿಗುವಲ್ಲಿ, ರೇಡಿಯೇಟರ್ ಫ್ಯಾನ್ ಎಳೆಯುವ ಜಾಗಕ್ಕೆ ಸರಿಯಾಗಿ. ನಿಧಾನ ಏರಿನಲ್ಲಿ ಗಾಳಿ ತರುವುದು ಆ ಫ್ಯಾನೇ. ಕಂಡೆನ್ಸರ್‌ಗೆ ತಾಗದೆ ಬೆರಳು ಹೋಗುವಷ್ಟು ಸಂದು ಬಿಡಿ. ಕೆಲವು ಕಿಟ್‌ಗಳಲ್ಲಿ ಕಂಡೆನ್ಸರ್ ಮೂಲಕ ತೂರಿಸುವ ಪ್ಲಾಸ್ಟಿಕ್ ಟೈ ಬರುತ್ತದೆ. ಅದನ್ನು ಬಳಸಬೇಡಿ. ಆ ಟೈ ಕಂಡೆನ್ಸರ್‌ನ ನವಿರು ಕೊಳವೆಯನ್ನು ಉಜ್ಜಿ ಉಜ್ಜಿ ಗ್ಯಾಸ್ ಹೋಗುವಂತೆ ಮಾಡುತ್ತದೆ. ಎರಡು ಕಬ್ಬಿಣದ ಪಟ್ಟಿ ಬಗ್ಗಿಸಿ, ರಬ್ಬರ್ ಬುಶ್ ಇಟ್ಟು ಗಾಡಿಯ ಚೌಕಟ್ಟಿಗೆ ಬೋಲ್ಟ್ ಮಾಡಿಸಿ. ಕೂಲರ್‌ನ ಬಾಯಿ ಮೇಲಕ್ಕೆ ಅಥವಾ ಪಕ್ಕಕ್ಕೆ ಇರಲಿ. ಕೆಳಮುಖವಾಗಿದ್ದರೆ ಒಳಗೆ ಗಾಳಿ ನಿಲ್ಲುತ್ತದೆ.

ಪೈಪ್ ಎಳೆಯುವಾಗ ನೆನಪಿಡಬೇಕಾದ್ದು: ಎಂಜಿನ್ ಅಲ್ಲಾಡುತ್ತದೆ, ಕೂಲರ್ ಅಲ್ಲಾಡುವುದಿಲ್ಲ. ಡಿ ಗೇರಿಗೆ ಹಾಕಿದಾಗೊಮ್ಮೆ, ಆರ್ ಗೇರಿಗೆ ಹಾಕಿದಾಗೊಮ್ಮೆ ಎಂಜಿನ್ ಎರಡೂ ಕಡೆಗೆ ವಾಲುವುದನ್ನು ಬಾನೆಟ್ ಎತ್ತಿ ನೋಡಿ, ಒಬ್ಬರು ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದಿರಲಿ, ಗಾಡಿಯ ನೇರ ಮುಂದೆ ನಿಲ್ಲಬೇಡಿ. ಅಷ್ಟು ಸಡಿಲ ಪೈಪಿನಲ್ಲಿ ಇರಬೇಕು. ಟರ್ಬೊ, ಎಗ್ಸಾಸ್ಟ್‌ನಿಂದ ಒಂದು ಗೇಣು ದೂರ ಇಡಿ, ಆಗದಿದ್ದರೆ ಶಾಖದ ತೋಳು ಹೊದಿಸಿ. ಬಿಸಿ ಎಗ್ಸಾಸ್ಟ್ ಮೇಲೆ ಗೇರ್ ಆಯಿಲ್ ಸುರಿದರೆ ಬೆಂಕಿ ಹಿಡಿಯಬಹುದು. ತಗಡಿನ ತೂತಿನ ಮೂಲಕ ಹೋಗುವಲ್ಲಿ ರಬ್ಬರ್ ಬಳೆ (ಗ್ರೊಮೆಟ್) ಹಾಕಿ. ಪ್ರತಿ ಒಂದು ಅಡಿಗೊಂದು ರಬ್ಬರ್ ಒಳಪದರದ ಕ್ಲಾಂಪ್ ಕೊಡಿ.

ಹಾಕಿ ಆಯಿತು. ಆಮೇಲೆ ಏನು ನೋಡಬೇಕು?

ಮೊದಲು ಹರಿವು. ವಾಪಸ್ ಬರುವ ಪೈಪನ್ನು ಬಿಚ್ಚಿ ಒಂದು ಅಳತೆ ಜಗ್ಗಿಗೆ ಬಿಡಿ, ಒಬ್ಬರು ಸ್ಟಾರ್ಟ್ ಮಾಡಲಿ. ಹಳೆಯ ಮೆಕ್ಯಾನಿಕ್‌ಗಳ ಅಂದಾಜಿನಲ್ಲಿ ಐಡಲ್‌ನಲ್ಲಿ 20 ಸೆಕೆಂಡಿಗೆ ಸುಮಾರು ಒಂದು ಲೀಟರ್ ಬರಬೇಕು. 20 ಸೆಕೆಂಡಿಗೆ ಎಂಜಿನ್ ನಿಲ್ಲಿಸಿಬಿಡಿ, ಹೋದಷ್ಟು ಹೊಸ ಆಯಿಲ್ ಮತ್ತೆ ಹಾಕಿ. ಗಾಡಿಯಲ್ಲಿ ಥರ್ಮೋಸ್ಟ್ಯಾಟ್ ಇದ್ದರೆ ತಣ್ಣಗಿರುವಾಗ ಹರಿವು ಕಡಿಮೆ ಕಾಣುತ್ತದೆ, ಅದನ್ನು ನೋಡಿ ಹೆದರಬೇಡಿ.

ಆಮೇಲೆ ಆಯಿಲ್ ಮಟ್ಟ. ಹೊಸ ಕೂಲರ್, ಪೈಪ್ ಸೇರಿ ಅರ್ಧ ಲೀಟರಿನ ಮೇಲೆ ಕುಡಿಯಬಹುದು. ಈಗಿನ ಅನೇಕ ಗಾಡಿಗಳಲ್ಲಿ ಡಿಪ್‌ಸ್ಟಿಕ್ ಇಲ್ಲ. ಗಾಡಿಯನ್ನು ನಾಲ್ಕೂ ಕಡೆ ಸಮನಾಗಿ ಎತ್ತಿ, ಎಂಜಿನ್ ಓಡುತ್ತಿರುವಾಗ, ಆಯಿಲ್ ಸರ್ವಿಸ್ ಕೈಪಿಡಿ ಹೇಳಿದ ಉಷ್ಣತೆಯಲ್ಲಿದ್ದಾಗ, ಬಹುಪಾಲು 40 ಡಿಗ್ರಿ ಆಸುಪಾಸು, ಚೆಕ್ ಪ್ಲಗ್ ಬಿಚ್ಚಬೇಕು. ಸಣ್ಣ ಧಾರೆಯಾಗಿ ಬಂದು ತೊಟ್ಟಿಕ್ಕಲು ಶುರುವಾದರೆ ಮಟ್ಟ ಸರಿ. ಆಯಿಲ್ ಆ ಗಾಡಿಗೆ ಹೇಳಿದ್ದೇ ಆಗಬೇಕು, ಬಣ್ಣ ಒಂದೇ ಎಂದು ಬೇರೆ ಹಾಕಬೇಡಿ.

ಕೊನೆಗೆ ಸೋರಿಕೆ. ಪ್ರತಿ ಜಾಯಿಂಟನ್ನೂ ಬಟ್ಟೆಯಲ್ಲಿ ಒರೆಸಿ, ಕೆಳಗೆ ಬಿಳಿ ರಟ್ಟು ಹಾಸಿ, ಇಡೀ ರಾತ್ರಿ ನಿಲ್ಲಿಸಿ. ಬಿಗಿ ಮಾಡಿದ ಮೇಲೆ ಪ್ರತಿ ನಟ್ಟಿನ ಮೇಲೂ ಜಾಯಿಂಟಿನ ಮೇಲೂ ಸೇರಿ ಒಂದು ಬಣ್ಣದ ಗೆರೆ ಎಳೆದಿಡಿ. ಮುಂದೆ ಯಾವತ್ತಾದರೂ ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಎಂದು ದೂರದಿಂದಲೇ ಗೊತ್ತಾಗುತ್ತದೆ. ಪ್ರತಿ ಸರ್ವಿಸ್‌ನಲ್ಲೂ ಪೈಪನ್ನು ಬೆರಳಲ್ಲಿ ಹಿಸುಕಿ ನೋಡಿ. ಮೆತ್ತಗಾದರೂ ತಪ್ಪು, ಕಲ್ಲಿನ ಹಾಗೆ ಗಟ್ಟಿಯಾದರೂ ತಪ್ಪು.

ವಾರಂಟಿ ಹೋಗುತ್ತದೆಯೇ?

ವಾರಂಟಿ ಇರುವ ಗಾಡಿಗೆ ಹೊರಗಡೆ ಕೂಲರ್ ಹಾಕಿಸಿದರೆ ಗೇರ್‌ಬಾಕ್ಸ್ ಕ್ಲೇಮಿನಲ್ಲಿ ತಕರಾರು ಬರುತ್ತದೆ ಎಂದೇ ಎಣಿಸಿ. ಮುಗಿಯುವವರೆಗೆ ಕಾಯಿರಿ. ಅದುವರೆಗೆ ಏರಿನಲ್ಲಿ ಮ್ಯಾನುವಲ್ ಮೋಡ್‌ಗೆ ಹಾಕಿ ಕೆಳಗಿನ ಗೇರಿನಲ್ಲಿ ಹತ್ತಿ, ಕನ್ವರ್ಟರ್ ಜಾರುವುದು ಎಷ್ಟೋ ಕಡಿಮೆಯಾಗುತ್ತದೆ. ಇನ್ಶೂರೆನ್ಸ್ ಕಂಪನಿಗೆ ಬದಲಾವಣೆಯನ್ನು ಬರಹದಲ್ಲಿ ತಿಳಿಸಿ.

ಘಾಟಿ ಮಧ್ಯೆ ಹೋಸ್ ಬಿಟ್ಟರೆ ಏನು ಮಾಡಲಿ?

ಎಂಜಿನ್ ಕೂಗಿ ಗಾಡಿ ಎಳೆಯದಿದ್ದರೆ, ಅಥವಾ ಕನ್ನಡಿಯಲ್ಲಿ ಹೊಗೆ ಕಂಡರೆ, ಮೇಲಿನ ಊರಿನವರೆಗೆ ಹೇಗಾದರೂ ಮುಟ್ಟಿಸುವ ಆಸೆ ಬಿಡಿ. ಆ ಎರಡು ಕಿಲೋಮೀಟರಿನಲ್ಲೇ ಕ್ಲಚ್ ಪ್ಲೇಟ್ ಸುಡುವುದು. ತಿರುವಿನಲ್ಲಿ ನಿಲ್ಲಿಸದೆ ಹಿಂದಿನವರಿಗೆ ಕಾಣುವ ಜಾಗಕ್ಕೆ ತಂದು ಎಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಹಾಕಿ ಚಕ್ರಕ್ಕೆ ಕಲ್ಲು ಕೊಡಿ. ಹೊಗೆ ನಿಲ್ಲುವವರೆಗೆ ಬಾನೆಟ್ ಎತ್ತಬೇಡಿ, ಮಕ್ಕಳನ್ನು ಇಳಿಸಿ ದೂರ ನಿಲ್ಲಿಸಿ. ಚೆಲ್ಲಿದ ಎಣ್ಣೆಯ ಮೇಲೆ ಮಣ್ಣು ಹಾಕಿ, ಹಿಂದೆ ಬೈಕಿನವರು ಬರುತ್ತಿರುತ್ತಾರೆ.

ನಾನು ಗಾಡಿಯಲ್ಲಿ ಯಾವಾಗಲೂ ಇಡುವ ಡಬ್ಬದಲ್ಲಿ ಎರಡು ಅಡಿ ಜೆ1532 ಹೋಸ್, ಆ ಸೈಜಿನ ಜಾಯಿಂಟ್ ಒಂದು, ನಾಲ್ಕು ಕ್ಲಿಪ್, ಎರಡು ಲೀಟರ್ ಸರಿಯಾದ ಆಯಿಲ್, ಒಂದು ಚೂಪು ಬ್ಲೇಡ್ ಇದೆ. ಆದರೆ ಗೇರ್ ಜಾರಲು ಶುರುವಾದ ಮೇಲೆ ಪೈಪ್ ಸರಿ ಮಾಡಿದರೂ ಓಡಿಸಬೇಡಿ. ಟೋಯಿಂಗ್‌ಗೆ ಫೋನ್ ಮಾಡುವಾಗ ಫ್ಲ್ಯಾಟ್‌ಬೆಡ್ ಬೇಕು ಎಂದು ಮೊದಲೇ ಹೇಳಿ. ಎಂಜಿನ್ ನಿಂತಿರುವಾಗ ಗೇರ್‌ಬಾಕ್ಸಿನ ಆಯಿಲ್ ಪಂಪ್ ತಿರುಗುವುದಿಲ್ಲ. ಎಂಜಿನ್ ತಿರುಗಿಸುವ ಚಕ್ರಗಳು ನೆಲದ ಮೇಲಿದ್ದರೆ, ನ್ಯೂಟ್ರಲ್‌ನಲ್ಲಿದ್ದರೂ, ಹಾಸನ ಮುಟ್ಟುವಷ್ಟರಲ್ಲಿ ಒಳಗಿನದೆಲ್ಲ ಒಣಗಿ ಉಜ್ಜಿರುತ್ತದೆ.